ಎರಡನ್ನೂ ಕಿತ್ತುಬಿಡಿ!

ಶಬ್ದದ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿ ಇಲ್ಲವೆಂದು ನಾನು ಹೇಳಿಕೊಳ್ಳುವುದಿಲ್ಲ. ಪಕ್ಕದ ಊರಿನಲ್ಲೂ ಇಲ್ಲವೆಂದು ಹೇಳಿಕೊಳ್ಳುತ್ತೇನೆ! ಇಂಥ ನಾನು ಒಂದು ಶನಿವಾರ ಸಂಜೆ ಹೆಂಡತಿಯ ಎದುರು ನಿಂತು, ಇರುವಷ್ಟು ಎದೆಯನ್ನೆಲ್ಲ ಉಬ್ಬಿಸಿ ಘೋಷಿಸಿದೆ.

"ಇನ್ಮೇಲೆ ನಿನ್ನ ಕ್ಲಿನಿಕ್ಕಿಗೆ ಬಂದ ಒಬ್ಬನೇ ಒಬ್ಬ ಪೇಷಂಟು ಹೆದರಿ ಓಡಿಹೋದ್ರೆ ನನ್ನ ಹೆಸರು ಬದಲಾಯಿಸು!"

"ಹೆಸರು ಹಾಗೇ ಇರ್ಲಿ," ಎಂದಳು ಅವಳು. "ಮೊದಲು ಆ ಪೆಟ್ಟಿಗೆಗಳ ಜಾಗ ಬದಲಾಯಿಸಿ."

ಪೆಟ್ಟಿಗೆಗಳೆಂದರೆ ನನ್ನ ಎರಡು ಸ್ಪೀಕರುಗಳು. ಮದುವೆಗೆ ಮುಂಚಿನಿಂದ ನನ್ನ ಜೊತೆಗಿರುವ ಆಪ್ತರು. ಒಂದೊಂದೂ ಸೊಂಟದೆತ್ತರ. ಜೊತೆಗೊಂದು ಆಂಪ್ಲಿಫೈಯರ್. ಅದನ್ನು ಎತ್ತಲು ಇಬ್ಬರು ಬೇಕು, ಇಳಿಸಿದ ಮೇಲೆ ಇಬ್ಬರ ಸೊಂಟಕ್ಕೂ ಮುಲಾಮು ಬೇಕು. ನಾನು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವನು. ಊರಿನವರ ಗಡಿಗಳನ್ನೆಲ್ಲ ಗೆರೆ ಎಳೆದು ತೋರಿಸುವ ನನಗೆ ಸ್ವಂತ ಮನೆಯಲ್ಲಿ ಎರಡು ಸ್ಪೀಕರು ಇಡುವಷ್ಟು ಜಾಗ ಗುರುತಿಸಿಕೊಳ್ಳಲು ಆಗಿರಲಿಲ್ಲ. ಹಾಲಿನಲ್ಲಿಟ್ಟರೆ ಸೋಫಾಕ್ಕೆ ಅಡ್ಡ, ಮಲಗುವ ಕೋಣೆಯಲ್ಲಿಟ್ಟರೆ ಬೀರುವಿಗೆ ಅಡ್ಡ, ಎಲ್ಲಿಟ್ಟರೂ ಹೆಂಡತಿಯ ಕಣ್ಣಿಗೆ ಅಡ್ಡ!

ಅವಳು ಹಲ್ಲಿನ ಡಾಕ್ಟರು. ಮನೆಯ ಮುಂದಿನ ಎರಡು ಕೋಣೆಗಳೇ ಅವಳ ಕ್ಲಿನಿಕ್ಕು. ಹೊರಗಿನ ಕೋಣೆಯಲ್ಲಿ ಆರು ಕುರ್ಚಿ, ಅಂಚು ಮಡಿಸಿದ ಹಳೆಯ ವಾರಪತ್ರಿಕೆಗಳು ಮತ್ತು ಕೆನ್ನೆ ಹಿಡಿದುಕೊಂಡ ಜನ. ಒಳಗಿನ ಕೋಣೆಯಲ್ಲಿ ಒಂದೇ ಕುರ್ಚಿ, ಅದರ ನೆತ್ತಿಯ ಮೇಲೊಂದು ದೀಪ. ಅವಳ ಕೈ ಬಹಳ ಹಗುರ ಎಂದು ಊರಲ್ಲೆಲ್ಲ ಹೆಸರು. ಆದರೆ ಆ ಹಗುರವಾದ ಕೈ ಹಲ್ಲನ್ನು ಮುಟ್ಟುವ ಮೊದಲೇ ಡ್ರಿಲ್ಲಿನ 'ಜುಂಯ್' ಎಂಬ ಸದ್ದು ಗೋಡೆ ದಾಟಿ ಹೊರಗಿನವರ ಕಿವಿ ಮುಟ್ಟುತ್ತಿತ್ತು. ಐವರು ಕಾಯುತ್ತಿದ್ದರೆ ಅವರಲ್ಲಿ ಇಬ್ಬರಿಗೆ, ಒಲೆಯ ಮೇಲೆ ಹಾಲಿಟ್ಟು ಬಂದದ್ದು ಸರಿಯಾಗಿ ಆ ಕ್ಷಣದಲ್ಲೇ ನೆನಪಾಗುತ್ತಿತ್ತು!

ನನ್ನ ಯೋಜನೆ ಸರಳವಾಗಿತ್ತು, ಮಹಾಪುರುಷರ ಯೋಜನೆಗಳೆಲ್ಲ ಇರುವ ಹಾಗೆ. ಸ್ಪೀಕರುಗಳು ಹೊರಗಿನ ಕೋಣೆಗೆ. ಆಂಪ್ಲಿಫೈಯರ್ ಒಳಗಿನ ಕೋಣೆಗೆ. ಹೊರಗೆ ದಿನವಿಡೀ ಕೊಳಲಿನ ನಾದ. ಡ್ರಿಲ್ಲಿನ ಸದ್ದು ಹೊರಗೆ ಬಾರದಂತೆ ಗೋಡೆಗೂ ಬಾಗಿಲಿಗೂ ಒಳಗಿನಿಂದ ಮನೆಯ ಹಳೆಯ ಹಾಸಿಗೆಗಳನ್ನು ಹೊಡೆದು ಕೂರಿಸುವುದು. ಇಷ್ಟು ಸಾಲದೆಂಬಂತೆ ಒಂದು ಮೈಕು! ಹೆಂಡತಿ ಕೂತಲ್ಲಿಂದಲೇ "ಮುಂದಿನವರು ಬನ್ನಿ" ಎಂದರೆ ಸಾಕು, ಹೊರಗೆ ಜೇನಿನಲ್ಲಿ ಅದ್ದಿದಂತೆ ಕೇಳಬೇಕು.

"ಮೈಕು ಯಾಕ್ರೀ? ಬಾಗಿಲು ತೆಗೆದು ಕರೆದ್ರೆ ಆಗಲ್ವಾ?"

"ಅದು ಹಳೇ ಕಾಲ ಕಣೇ."

"ಒಬ್ಬ ಮೆಕ್ಯಾನಿಕ್‌ನಾದ್ರೂ ಕರೀರಿ."

"ಮೆಕ್ಯಾನಿಕ್‌ಗಳೇ ನನ್ನ ಹತ್ರ ಸಲಹೆ ಕೇಳ್ಕೊಂಡು ಬರ್ತಾರೆ!"

ಒಬ್ಬ ಬಂದಿದ್ದ. ದಾರಿ ಕೇಳಲು.

ಭಾನುವಾರವಿಡೀ ಸುತ್ತಿಗೆ, ಮೊಳೆ, ಹಾಸಿಗೆಯ ಹತ್ತಿ, ಸೀನು. ಸಂಜೆಗೆ ಎಲ್ಲ ಮುಗಿಸಿ ಗುಂಡಿ ಒತ್ತಿದೆ. ಹೊರಗಿನ ಕೋಣೆಯಲ್ಲಿ ಕೊಳಲು ಹರಿಯಿತು. ಒಳಗಿನ ಬಾಗಿಲು ಮುಚ್ಚಿದರೆ ಆ ಕಡೆಯ ಸದ್ದು ಈ ಕಡೆಗಿಲ್ಲ, ಈ ಕಡೆಯದು ಆ ಕಡೆಗಿಲ್ಲ. ಹೆಂಡತಿ ಹೊರಗೆ ಐದು ನಿಮಿಷ ಕೂತು ಕೇಳಿದಳು. "ಪರವಾಗಿಲ್ಲ ರೀ," ಎಂದಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನಗೆ ಸಿಕ್ಕ ಅತ್ಯುನ್ನತ ಪ್ರಶಸ್ತಿ ಅದು! ಆಮೇಲೆ ದನಿ ತಗ್ಗಿಸಿ ಹೇಳಿದಳು. "ನಾಳೆ ದೊಡ್ಡ ಮೇಡಂ ಬರ್ತಾರೆ. ಏನೂ ಎಡವಟ್ಟಾಗಬಾರದು."

ದೊಡ್ಡ ಮೇಡಂ ಎಂದರೆ ನಮ್ಮ ಬಡಾವಣೆಯ ಶಾಲೆಯ ಹೆಡ್‌ಮಿಸ್ಟ್ರೆಸ್. ಅವರು ಗೇಟಿನ ಬಳಿ ಒಮ್ಮೆ ಕೆಮ್ಮಿದರೆ ನಾನೂರು ಮಕ್ಕಳು ಸಾಲಿನಲ್ಲಿ ನಿಲ್ಲುತ್ತಿದ್ದರು. ಆ ನಾನೂರು ಮಕ್ಕಳ ಹಲ್ಲು ತಪಾಸಣೆಯನ್ನು ಯಾವ ಡಾಕ್ಟರಿಗೆ ವಹಿಸಬೇಕೆಂದು ತೀರ್ಮಾನಿಸುವವರು ಅವರೇ. ನನ್ನ ಹೆಂಡತಿಗೆ ಮಕ್ಕಳ ಹಲ್ಲೆಂದರೆ ಪ್ರಾಣ. ಚಿಕ್ಕಂದಿನಲ್ಲೇ ಯಾರಾದರೂ ನೋಡಿದ್ದರೆ ದೊಡ್ಡವರು ಹೀಗೆ ಕೆನ್ನೆ ಹಿಡಿದುಕೊಂಡು ಬರುತ್ತಿರಲಿಲ್ಲ ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಎರಡು ವರ್ಷದಿಂದ ಆ ಕೆಲಸಕ್ಕಾಗಿ ಅರ್ಜಿ ಹಾಕುತ್ತಿದ್ದಳು. ಈಗ ಮೇಡಂಗೇ ಹಲ್ಲುನೋವು! "ಮೊದಲು ನನ್ನದು ನೋಡಲಿ, ಆಮೇಲೆ ಮಕ್ಕಳದು" ಎಂದು ಹೇಳಿ ಕಳಿಸಿದ್ದರಂತೆ.

ಸೋಮವಾರ ನಾನು ರಜೆ ಹಾಕಿದೆ. ಸೇನಾಪತಿ ಇಲ್ಲದೆ ಯುದ್ಧವೇ?

ಹತ್ತು ಗಂಟೆಗೆ ದೊಡ್ಡ ಮೇಡಂ ಬಂದರು. ಬಲಗಡೆಯ ಸ್ಪೀಕರಿನ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು, ಮಡಿಲಲ್ಲಿ ಕೈಚೀಲವಿಟ್ಟು ಕೂತರು. ಆಗಲೇ ಅಲ್ಲಿ ಮೂವರಿದ್ದರು. ಕೆನ್ನೆ ಬನ್ನಿನಂತೆ ಊದಿದ್ದ ಬೇಕರಿಯವರು, ಮತ್ತು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತ ಇಬ್ಬರೂ ನಡುಗುತ್ತಿದ್ದ ಒಂದು ದಂಪತಿ. ಬಸ್ ಕಂಡಕ್ಟರೊಬ್ಬರು ಒಳಗೆ ಹೋಗಿದ್ದರು. ಕೊಳಲು ಹರಿಯುತ್ತಿತ್ತು. ಯಾರೂ ಎದ್ದು ಹೋಗಲಿಲ್ಲ. ನಾನು ಮೂಲೆಯಲ್ಲಿ ನಿಂತು ಎಲ್ಲರಿಗೂ ಹಲ್ಲುಬಿಡುತ್ತಿದ್ದೆ.

ಅಷ್ಟರಲ್ಲಿ ಎಡಗಡೆಯ ಸ್ಪೀಕರು "ಗೊರ್ ಗೊರ್" ಎಂದಿತು. ಕೊಳಲಿಗೆ ಕೆಮ್ಮು ಬಂದಂತೆ! ಮೇಡಂ ಹುಬ್ಬು ಒಂದಿಷ್ಟು ಮೇಲೇರಿತು. "ಒಂದು ನಿಮಿಷ ಮೇಡಂ, ಸಣ್ಣ ರಿಪೇರಿ," ಎನ್ನಬೇಕಿತ್ತು. ಅನ್ನಲಿಲ್ಲ. ಗಂಭೀರವಾಗಿ ಒಳಗೆ ನಡೆದು ಬಾಗಿಲು ಮುಚ್ಚಿಕೊಂಡೆ.

ಒಳಗೆ ಕಂಡಕ್ಟರು ಬಾಯಿತುಂಬ ಹತ್ತಿ ಇಟ್ಟುಕೊಂಡು, ಇಂಜೆಕ್ಷನ್ನಿಗೆ ದವಡೆ ಜೋಮು ಹಿಡಿಯುವುದನ್ನು ಕಾಯುತ್ತ ಮಲಗಿದ್ದರು. ನಾನು ಆಂಪ್ಲಿಫೈಯರಿನ ಹಿಂದೆ ಮಂಡಿಯೂರಿ, ಕೊಳಲಿನ ಗುಂಡಿಯನ್ನು ಸೊನ್ನೆಗೆ ತಿರುಗಿಸಿದೆ. ಅದರ ಪಕ್ಕದಲ್ಲೇ ಇನ್ನೊಂದು ಗುಂಡಿಯಿತ್ತು. ಅದು ಮೈಕಿನದು. ಬೆಳಿಗ್ಗೆ ಹೆಂಡತಿ "ಮುಂದಿನವರು ಬನ್ನಿ" ಎಂದಾಗಿನಿಂದ ಅದು ತೆರೆದೇ ಇತ್ತು; ಒಳಗಿನ ಪಿಸುಮಾತನ್ನು ಅದುವರೆಗೆ ಕೊಳಲು ಮುಚ್ಚಿಟ್ಟಿತ್ತು. ಅದನ್ನು ನಾನು ನೋಡಲಿಲ್ಲ. ಹಾಸಿಗೆಯ ಕೃಪೆಯಿಂದ, ಹೊರಗೆ ನಮ್ಮ ದನಿ ಮೊಳಗುತ್ತಿರುವುದು ನಮಗೆ ಕೇಳಿಸಲೂ ಇಲ್ಲ.

ಮುಂದಿನ ಮಾತುಗಳನ್ನು ದಯವಿಟ್ಟು ಹೊರಗೆ ಕೂತವರ ಕಿವಿಯಿಂದ ಕೇಳಿಸಿಕೊಳ್ಳಿ.

"ಏನ್ರೀ ಆಗಿದೆ?"

"ಬುಡ ಸಡಿಲ ಆಗಿದೆ ಕಣೇ. ಒಳಗೆಲ್ಲ ಕಪ್ಪಗಾಗಿದೆ."

"ಈಗೇನ್ಮಾಡ್ತೀರಿ?"

"ಕೀಳ್ತೀನಿ. ಆದ್ರೆ ಯಾವುದು ಕೀಳಬೇಕು ಅಂತ ಗೊತ್ತಾಗ್ತಿಲ್ಲ. ಎಡಗಡೇದೋ, ಬಲಗಡೇದೋ... ಎರಡೂ ನೋಡೋಕೆ ಒಂದೇ ಥರ ಇವೆ."

"ಯೋಚ್ನೆ ಮಾಡ್ತಾ ಕೂರ್ಬೇಡಿ. ಎರಡನ್ನೂ ಕಿತ್ತುಬಿಡಿ!"

"ಆ ಇಕ್ಕಳ ಕೊಡು."

"ಅದು ಮುಟ್ಟಬೇಡಿ! ಈಗ ತಾನೇ ಕುದಿಸಿ ಇಟ್ಟಿದ್ದೀನಿ. ಅಡುಗೆಮನೇಲಿ ತುಕ್ಕು ಹಿಡಿದಿದ್ದು ಒಂದಿದೆ ನೋಡಿ, ಅದೇ ಸಾಕು."

ಒಳಮನೆಯ ಬಾಗಿಲಿನಿಂದ ಹೋಗಿ ತುಕ್ಕು ಹಿಡಿದ ಇಕ್ಕಳ ತಂದೆ. ಮೊದಲು ಒಂದನ್ನು ಎಳೆದೆ.

"ಬರ್ತಿಲ್ವಲ್ಲ! ಕಾಲು ಕೊಟ್ಟು ಎಳೀಲಾ?"

"ಎಳೀರಿ!"

"ಅಯ್ಯೋ! ಅರ್ಧ ಮುರಿದು ಒಳಗೇ ಉಳೀತು!"

"ಥೂ ನಿಮ್ಮ! ಸ್ಕ್ರೂಡ್ರೈವರ್ ಹಾಕಿ ಮೀಟಿ!"

ಎಡಗಡೆಯ ತಂತಿಯ ಬುಡದಿಂದ ಸಣ್ಣಗೆ ಹೊಗೆಯೆದ್ದಿತು. ಕಂಡಕ್ಟರು ಅದನ್ನು ಕಂಡು, ಹತ್ತಿ ತುಂಬಿದ ಬಾಯಿಯಿಂದಲೇ "ಊಂ! ಊಂ! ಊಂ!" ಎಂದು ಕೂಗಿದರು.

"ಹೊಗೆ ಬರ್ತಿದೆ ಕಣ್ರೀ! ಸತ್ತೇಹೋಯ್ತಾ?"

"ಇಲ್ಲ ಇಲ್ಲ, ಇನ್ನೂ ಬಿಸಿ ಇದೆ."

"ಸತ್ರೆ ಸಾಯ್ಲಿ. ಸದ್ದಿಲ್ಲದ ಹಾಗೆ ಹಿತ್ತಲಿಗೆ ಎಳೆದು ಹಾಕಿ. ಹೊರಗೆ ದೊಡ್ಡ ಮೇಡಂ ಕೂತಿದ್ದಾರೆ, ಅವರಿಗೆ ಗೊತ್ತಾಗಬಾರದು. ಮುಂದೆ ಅವರದೇ ಸರದಿ."

ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನನ್ನ ಬಾಯಿ ನಿಲ್ಲುವ ಜಾತಿಯದಲ್ಲ.

"ಅವರದೇನು ಕಷ್ಟ? ಕನ್ನಡಿ ಹಿಡಿದು ಅವರ ಮುಖ ಅವರಿಗೇ ತೋರಿಸು. ಹಲ್ಲು ಹೆದರಿ ತಾನಾಗೇ ಉದುರಿಬಿಡುತ್ತೆ!"

ಹೇಳಿ ನಾನೇ ನಕ್ಕೆ. ನಗುತ್ತಲೇ ಹೊಸ ತಂತಿಯ ತುದಿಯನ್ನು ದವಡೆಗೆ ಕೊಟ್ಟು ಕಚ್ಚಿ ಎಳೆದೆ. ತಂತಿಯ ಸಿಪ್ಪೆ ಸುಲಿಯಲು ನಾನು ಇಪ್ಪತ್ತು ವರ್ಷದಿಂದ ಬಳಸುತ್ತಿರುವ ಸಾಧನ ಅದೇ. ಈ ಸಲ ತಂತಿ ಸುಲಿಯಲಿಲ್ಲ. 'ಕಟ್' ಎಂದಿತು. ಕಣ್ಣ ಮುಂದೆ ಹಗಲಲ್ಲೇ ನಕ್ಷತ್ರ!

"ಅಮ್ಮಾ!"

"ಏನಾಯ್ತು? ಬಾಯಿ ತೋರಿಸಿ. ಅಯ್ಯೋ ದೇವರೇ, ರಕ್ತ!"

ನನ್ನ ಕೆಳದವಡೆಯ ಹಲ್ಲು ನಡುವೆ ಸೀಳಿತ್ತು. ಹೆಂಡತಿ ದೀಪ ಹಿಡಿದು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಬೇರೆಯಾಯಿತು.

"ಇದು ಹುಳುಕಾಗಿ ಎಷ್ಟು ದಿನ ಆಯ್ತು? ನನಗ್ಯಾಕೆ ಹೇಳ್ಲಿಲ್ಲ? ಹನ್ನೊಂದು ವರ್ಷದಿಂದ ಒಂದು ಸಲವಾದ್ರೂ ಬಾಯಿ ತೆಗೆದು ತೋರಿಸಿದ್ದೀರಾ? ಕೇಳಿದಾಗೆಲ್ಲ 'ನನ್ನ ಹಲ್ಲು ಕಬ್ಬಿಣ' ಅಂತಿದ್ರಲ್ಲ!"

ನಾನು ಹಲ್ಲಿನ ಡಾಕ್ಟರನ್ನು ಮದುವೆಯಾದವನೇ ಹೊರತು, ಆ ಕುರ್ಚಿಯನ್ನಲ್ಲ. ಅದನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಕೈಕಾಲು ತಣ್ಣಗಾಗುತ್ತದೆ. ಈ ಗುಟ್ಟನ್ನು ಹನ್ನೊಂದು ವರ್ಷ ಕಾಪಾಡಿಕೊಂಡು ಬಂದಿದ್ದೆ. ಈಗ ಉತ್ತರ ಕೊಡುವ ಬದಲು, ಮೇಡಂ ಅವರನ್ನು ಕರೆಯುವ ನೆಪ ಮಾಡಿ, ಕೆನ್ನೆ ಒತ್ತಿಕೊಂಡು ಬಾಗಿಲು ತೆಗೆದು ಹೊರಗೆ ಬಂದೆ.

ಐದು ಕುರ್ಚಿಗಳು ಖಾಲಿ! ನೆಲದ ಮೇಲೆ ಬೇಕರಿಯವರ ಒಂದು ಚಪ್ಪಲಿ. ವಾರಪತ್ರಿಕೆಗಳು ದಿಕ್ಕಾಪಾಲು. ಬೀದಿಯ ಬಾಗಿಲು ಇನ್ನೂ ಅತ್ತಿತ್ತ ತೂಗುತ್ತಿತ್ತು. ದೊಡ್ಡ ಮೇಡಂ ಮಾತ್ರ ಕೂತಲ್ಲೇ ಕೂತಿದ್ದರು, ಕೈಚೀಲವನ್ನು ಎದೆಗೆ ಅವುಚಿಕೊಂಡು.

"ಎಲ್ಲಿ ಮೇಡಂ, ಎಲ್ರೂ?" ಎಂದೆ.

ಅವರು ಬಾಯಿ ತೆರೆಯುವ ಮೊದಲೇ ಅವರ ಪಕ್ಕದ ಸ್ಪೀಕರು ನನ್ನ ಹೆಂಡತಿಯ ದನಿಯಲ್ಲಿ, ಕೋಣೆ ನಡುಗುವಂತೆ ಕೇಳಿತು.

"ರೀ! ಆಯಮ್ಮ ಇದ್ದಾರಾ, ಹೋದ್ರಾ?"

ಆಗ ನನಗೆ ಅರ್ಥವಾಯಿತು. ಒಂದು ಮಾತಲ್ಲ, ಎಲ್ಲ ಮಾತೂ ಒಟ್ಟಿಗೆ ಅರ್ಥವಾದವು. ಭೂಮಿ ಬಾಯಿ ಬಿಡಲಿ ಎಂದು ಹಾರೈಸಿದೆ. ಭೂಮಾಪನದವನ ಮಾತನ್ನು ಭೂಮಿಯೂ ಕೇಳಲಿಲ್ಲ.

"ಇದ್ದೀನಿ," ಎಂದರು ದೊಡ್ಡ ಮೇಡಂ, ಸ್ಪೀಕರಿಗೇ ಉತ್ತರ ಕೊಡುವಂತೆ. ಆಮೇಲೆ ನನ್ನತ್ತ ತಿರುಗಿದರು. "ಹೋಗೋಣ ಅಂತಲೇ ಇದ್ದೆ. ಕಾಲು ಏಳ್ಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಹೆದರಬಾರದು ಅಂತ ಹೇಳಿಕೊಟ್ಟವಳು ನಾನು. ಬೀದೀಲಿ ಓಡೋದನ್ನ ಯಾರಾದ್ರೂ ನೋಡಿದ್ರೆ?" ಕೈಚೀಲ ಸರಿಪಡಿಸಿಕೊಂಡು ಕೇಳಿದರು. "ಕನ್ನಡಿ ತರ್ತೀರಾ, ಅಥವಾ ಅದಿಲ್ಲದೇ ಉದುರುತ್ತಾ?"

ಹೆಂಡತಿ ಓಡಿಬಂದಳು. ಹಿಂದೆಯೇ ಕಂಡಕ್ಟರು ಬಂದರು, ಜೀವಂತವಾಗಿ. ಅವರನ್ನು ಕಂಡದ್ದೇ ಮೇಡಂ ನಿಟ್ಟುಸಿರು ಬಿಟ್ಟರು. ಹೆಂಡತಿ ತಂತಿ, ಹೊಗೆ, ಇಕ್ಕಳ ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿವರಿಸಿದಳು. ಕೊನೆಗೆ ಕೈ ಜೋಡಿಸಿದಳು. "ನಿಮಗೆ ನಂಬಿಕೆ ಬರದಿದ್ರೆ ತಪ್ಪಲ್ಲ ಮೇಡಂ. ಮಕ್ಕಳನ್ನ ಬೇರೆ ಯಾರ ಹತ್ರವಾದ್ರೂ ಕಳಿಸಿ. ಆದ್ರೆ ಕಳಿಸದೆ ಮಾತ್ರ ಇರಬೇಡಿ."

ಅವಳ ಕಣ್ಣಂಚು ಒದ್ದೆಯಾದದ್ದನ್ನು ನೋಡಿದೆ. ಹಲ್ಲಿಗಿಂತ ಅದು ಹೆಚ್ಚು ನೋಯಿತು. ಯಾರ ಬಾಯಿಂದಲೋ ಬಂದಂತೆ ನನ್ನ ಬಾಯಿಂದ ಒಂದು ಮಾತು ಹೊರಬಿತ್ತು.

"ಮೇಡಂ, ಇವಳ ಕೈ ಎಷ್ಟು ಹಗುರ ಅಂತ ನೀವೇ ನೋಡಿ. ಈಗಲೇ ನನ್ನ ಹಲ್ಲು ಕೀಳಲಿ, ನಿಮ್ಮ ಎದುರಿಗೇ!"

ಮೂವರೂ ನನ್ನನ್ನೇ ನೋಡಿದರು. ಹೆಂಡತಿಯಂತೂ ಹನ್ನೊಂದು ವರ್ಷದಲ್ಲಿ ಎಂದೂ ನೋಡದ ಹಾಗೆ ನೋಡಿದಳು.

"ಆಗಲಿ," ಎಂದರು ಮೇಡಂ. "ಇವರು ನೋವಿಲ್ಲದೆ ಎದ್ದು ಬಂದ್ರೆ ನಾನು ಕೂರ್ತೀನಿ."

ಕುರ್ಚಿಯವರೆಗಿನ ನಾಲ್ಕು ಹೆಜ್ಜೆಯನ್ನು ಹೇಗೆ ನಡೆದೆನೋ ತಿಳಿಯದು. ಮಲಗಿದೆ. ಕಣ್ಣು ಬಿಗಿಯಾಗಿ ಮುಚ್ಚಿದೆ. ನಾನು ಕಿರುಚಬಾರದು, ಕಿರುಚಿದರೆ ನಾನೂರು ಮಕ್ಕಳು ಕೈತಪ್ಪಿಹೋಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಕೊರಳ ಹತ್ತಿರ ತಣ್ಣನೆಯ ಲೋಹವೊಂದು ತಗುಲಿತು.

"ಅಯ್ಯಯ್ಯೋ! ಸತ್ತೆ! ಬಿಟ್ಟುಬಿಡೇ! ಬೇಡ ಕಣೇ!"

ನನ್ನ ಕೂಗು ಆರಿಸಲು ಮರೆತಿದ್ದ ಮೈಕಿಗೆ ಬಿದ್ದು ಹೊರಗಿನ ಸ್ಪೀಕರಿನಲ್ಲಿ ಮೊಳಗಿ, ತೆರೆದ ಬಾಗಿಲಿನಿಂದ ಬೀದಿಗೂ ಹೋಯಿತು. ಆಮೇಲೆ ಕಂಡಕ್ಟರು ಜೋಮು ಹಿಡಿದ ನಾಲಿಗೆಯಲ್ಲಿ ಮೆಲ್ಲಗೆ ಹೇಳಿದರು.

"ಶಾರ್... ಅದು ನಾನು. ಟವಲ್ಲಿಗೆ ಕ್ಲಿಪ್ ಹಾಕ್ತಾ ಇದ್ದೆ."

"ಡಾಕ್ಟರು ಎಲ್ಲಿ?" ಎಂದರು ಮೇಡಂ.

"ಇಲ್ಲೇ ಇದ್ದೀನಿ ಮೇಡಂ," ಕೋಣೆಯ ಆ ತುದಿಯ ನಲ್ಲಿಯಿಂದ ಹೆಂಡತಿಯ ದನಿ ಬಂತು. "ಇನ್ನೂ ಕೈ ತೊಳೀತಿದ್ದೀನಿ."

ದೊಡ್ಡ ಮೇಡಂ ನಕ್ಕರು. ಆ ಮುಖಕ್ಕೆ ನಗಲು ಬರುತ್ತದೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೋಡೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು ನಕ್ಕರು. ಅವರ ನಗು ನಿಲ್ಲುವ ಹೊತ್ತಿಗೆ ಇಂಜೆಕ್ಷನ್ ಕೆಲಸ ಮಾಡಿತ್ತು, ನನ್ನ ಹಲ್ಲು ತಟ್ಟೆಯಲ್ಲಿತ್ತು, ಅದು ಯಾವಾಗ ಬಂತೆಂಬುದೇ ನನಗೆ ತಿಳಿದಿರಲಿಲ್ಲ. ಮೇಡಂ ತಾವಾಗಿಯೇ ಕುರ್ಚಿ ಹತ್ತಿದರು. ಹತ್ತು ನಿಮಿಷದಲ್ಲಿ ಅವರ ಕೆಲಸವೂ ಮುಗಿಯಿತು. ಒಂದು ಸದ್ದೂ ಇಲ್ಲ.

ಹೊರಡುವಾಗ ಬಾಗಿಲ ಬಳಿ ನಿಂತು ಹೇಳಿದರು.

"ಡಾಕ್ಟರೇ, ಗುರುವಾರದಿಂದ ಮಕ್ಕಳನ್ನ ಕಳಿಸ್ತೀನಿ. ಆದ್ರೆ ಒಂದು ಷರತ್ತು."

"ಹೇಳಿ ಮೇಡಂ! ಆ ಸ್ಪೀಕರ್ ತೆಗೀಬೇಕು ತಾನೇ?"

"ಅದು ಇರಲಿ, ಕೊಳಲು ಚೆನ್ನಾಗಿತ್ತು," ಎಂದು ಅವರು ನನ್ನತ್ತ ಕೈ ತೋರಿಸಿದರು. "ಮಕ್ಕಳು ಬರೋ ಹೊತ್ತಿಗೆ ಇವರನ್ನ ತೆಗೀರಿ. ಪಾಪ, ಹೆದರ್ಕೊಳ್ತಾವೆ."