ಮಾಮನ ಎಡಗೈ ಮತ್ತು ವಿಡಿಯೋ ಮಿಕ್ಸರ್

ಹೈದರಾಬಾದಿನ ಅರ್ಧದಷ್ಟು ಮದುವೆಗಳನ್ನು ನಮ್ಮ ಸೋದರಮಾವ ಬರೀ ಎಡಗೈಯಿಂದ ಮಾಡಿ ಮುಗಿಸಿದ್ದಾನೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನು! ಬಲಗೈಯಲ್ಲಿ ಇರಾನಿ ಚಹಾ ಇರುತ್ತಿತ್ತು, ಉಳಿದದ್ದು ಎಡಗೈ. ಆ ಕೈಯ ಕೆಳಗೆ ಅವನ ವಿಡಿಯೋ ಮಿಕ್ಸರ್. ಎರಡು ಕ್ಯಾಮೆರಾಗಳ ಚಿತ್ರ ಅದಕ್ಕೆ ಬರುತ್ತಿತ್ತು. ಹಿಡಿಕೆಯನ್ನು ಮೇಲಕ್ಕೆ ತಳ್ಳಿದರೆ ಒಂದು ಚಿತ್ರ, ಕೆಳಕ್ಕೆಳೆದರೆ ಇನ್ನೊಂದು. ಅವನು ಆರಿಸಿದ್ದೇ ಫಂಕ್ಷನ್ ಹಾಲಿನ ದೊಡ್ಡ ಟೀವಿಗಳಲ್ಲಿ ಕಾಣುತ್ತಿತ್ತು, ಅದೇ ಕ್ಯಾಸೆಟ್ಟಿಗೂ ಇಳಿಯುತ್ತಿತ್ತು.

ರಾಯಚೂರಿನ ಕಡೆಯಿಂದ ಬಂದು ಕೋಠಿಯ ಗಲ್ಲಿಯೊಂದರಲ್ಲಿ ಬಾಡಿಗೆ ಮನೆ ಹಿಡಿದ ಮಾಮ ಅತ್ತೆಯನ್ನು ಎಷ್ಟು ಜೋಪಾನ ಮಾಡಿದನೋ ಗೊತ್ತಿಲ್ಲ, ಮಿಕ್ಸರನ್ನಂತೂ ಕೌದಿಯಲ್ಲಿ ಸುತ್ತಿ ಮಲಗಿಸುತ್ತಿದ್ದ. ಆಟೊದಲ್ಲಿ ಸೀಟು ಅದಕ್ಕೇ. ಅತ್ತೆ ಅಂಚಿನಲ್ಲಿ ಸರಳು ಹಿಡಿದು ಕೂರಬೇಕು. "ನಾ ಬಿದ್ದು ಗಿದ್ದೀನಂದ್ರ?" ಎಂದು ಆಕೆ ಒಮ್ಮೆ ಕೇಳಿಯೇಬಿಟ್ಟಳು.

"ನೀ ಬಿದ್ರ ಎದ್ದು ನಿಂದರ್ತಿ. ಇದು ಬಿದ್ರ ಎದ್ದೇಳತೈತೇನು?"

ಪಾಪ, ಅತ್ತೆ ಸರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು!

ಹೈಟೆಕ್ ಸಿಟಿ ಎದ್ದು ನಿಂತ ಕಾಲ ಅದು. ಎಲ್ಲೆಲ್ಲಿಂದಲೋ ಬಂದ ಸಾಫ್ಟ್‌ವೇರಿನವರಿಗೆ ಅಲ್ಲೇ ಕೆಲಸ, ಅಲ್ಲೇ ಪ್ರೀತಿ, ಅಲ್ಲೇ ಮದುವೆ. ಮಾಮನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಮಿಕ್ಸರಿನಲ್ಲಿ ಗುಂಡಿ ಒತ್ತಿದರೆ ಚಿತ್ರ ವೃತ್ತದೊಳಗೋ ಹೃದಯದೊಳಗೋ ಅರಳುತ್ತಿತ್ತು. ಆದರೆ ಮಾಮನ ಶಾಸ್ತ್ರವೇ ಬೇರೆ. ತಾಳಿ ಕಟ್ಟುವ ತನಕ ವಧೂವರರಿಗೆ ಬರೀ ವೃತ್ತ, ಹೃದಯ ಇಲ್ಲ! ವರನ ಗೆಳೆಯನೊಬ್ಬ, ಬೆಂಗಳೂರಿನವನು, ಬಂದು ಗೋಗರೆದ.

"ಅಂಕಲ್, ಹಾರ್ಟ್ ಹಾಕಿ ಪ್ಲೀಸ್. ಮೂರು ವರ್ಷದಿಂದ ಲವ್ ಮಾಡ್ತಿದ್ದಾರೆ."

"ಆಫೀಸಿನ್ಯಾಗ ಮಾಡಿರಬೇಕ್ರಿ. ನನ್ನ ಮಿಕ್ಸರ್‌ನ್ಯಾಗ ಇನ್ನೂ ಅವರಿಬ್ಬರಿಗೂ ಗುರ್ತೇ ಇಲ್ಲ."

ಎರಡನೇ ಕ್ಯಾಮೆರಾ ಮಾತ್ರ ಯಾವಾಗಲೂ ಊಟದ ಹಾಲಿನಲ್ಲಿ. ಅತ್ತ ಪುರೋಹಿತರು ಮಂತ್ರ ಹೇಳುತ್ತಿದ್ದರೆ ಇತ್ತ ಟೀವಿಯಲ್ಲಿ ವರನ ದೊಡ್ಡಪ್ಪ ಬಾಯಿ ಅಗಲಿಸಿ ಇಡೀ ಬಟ್ಟಲು ಖುಬಾನಿ ಮೀಠಾ ಸಿಹಿಯನ್ನು ಒಳಗಿಳಿಸುವುದು ಕಾಣುತ್ತಿತ್ತು. ಜಗಳವಾದರೆ ಮಾಮನದು ಒಂದೇ ಉತ್ತರ: "ಉಂಡಿದ್ದಕ್ಕ ಸಾಕ್ಷಿ ಬೇಕಲ್ಲರಿ!"

ಅವನು ಎಂದೂ ಮುರಿಯದ ನಿಯಮ ಇನ್ನೊಂದಿತ್ತು. ಹಿಡಿಕೆ ನಡುವೆ ನಿಲ್ಲಬಾರದು. ನಿಂತರೆ ಎರಡೂ ಚಿತ್ರ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. "ಮದಿಮಗಳು ದೆವ್ವದಂಗ ಕಾಣ್ತಾಳ" ಎನ್ನುತ್ತಿದ್ದ. ಸೀನು ಬಂದರೂ ಹಿಡಿಕೆಯನ್ನು ದಡ ಮುಟ್ಟಿಸಿಯೇ ಸೀನುತ್ತಿದ್ದ ಮನುಷ್ಯ!

ನಾನು ಸಾಫ್ಟ್‌ವೇರ್ ಕಂಪನಿ ಸೇರಿದ ಹೊಸತರಲ್ಲಿ ಅವನಿಗೆ ಬುದ್ಧಿ ಹೇಳಲು ಹೋದೆ. "ಕಂಪ್ಯೂಟರ್ ತಗೋ ಮಾಮಾ. ಎಲ್ಲಾ ಆಮೇಲೆ ಕುಂತು ಎಡಿಟ್ ಮಾಡಬಹುದು. ತಪ್ಪಾದ್ರ ಒಂದು ಬಟನ್ ಒತ್ತಿದ್ರ ಸಾಕು, ಹಿಂದಕ್ಕ ಹೋಗತೈತಿ."

ಮಾಮ ಚಹಾ ಕೆಳಗಿಟ್ಟ. ಅಂದರೆ ವಿಷಯ ಗಂಭೀರ ಎಂದರ್ಥ. "ಮದಿವ್ಯಾಗ ಹಿಂದಕ್ಕ ಹೋಗೂ ಬಟನ್ ಐತೇನು? ಆದದ್ದು ಆತು. ಹಂಗ ಇರಬೇಕು ಯಂತ್ರಾನೂ."

ಇಂಥ ಮಾಮನ ಕೈಗೆ ನನ್ನ ಮದುವೆಯೂ ಬಂತು. ಹುಡುಗ ಮೈಸೂರಿನವನು, ನನ್ನ ಆಫೀಸಿನವನೇ. ಎಲ್ಲ ಸರಿಯಿತ್ತು, ಅವ್ವ ಒಬ್ಬಳನ್ನು ಬಿಟ್ಟು. ಅಪ್ಪ ತೀರಿಕೊಂಡಿದ್ದ. ಹೀಗಾಗಿ ಮಂಟಪದ ಹತ್ತಿರ ತಾನು ಬರಬಾರದು, ಹಿಂದೆ ಕೂತು ನೋಡುತ್ತೇನೆ ಎಂದು ಆಕೆಯ ಹಟ. "ನಾ ಮುಂದ ಬಂದ್ರ ನಿನಗ ಒಳ್ಳೇದಲ್ಲವ್ವಾ." ನಾನು ಅತ್ತು ಕರೆದೆ, ಕೂಗಾಡಿದೆ, ಊಟ ಬಿಟ್ಟೆ. ಅವ್ವ ಜಗ್ಗಲಿಲ್ಲ. ತಮ್ಮನ ಮಾತನ್ನಾದರೂ ಕೇಳಿಯಾಳು ಎಂದು ಮಾಮನನ್ನು ಕರೆಸಿದೆ. ಆ ಪುಣ್ಯಾತ್ಮ ಅಂದದ್ದೇನು ಗೊತ್ತೇ?

"ಕುಂದರ್ಲಿ ಬಿಡು. ಹಿಂದ ಕಂಬದ ಬಾಜೂಕ ಒಂದು ಕುರ್ಚಿ ಹಾಕ್ರಿ. ಅಲ್ಲಿ ಬೆಳಕು ಛಲೋ ಐತಿ."

ಬೆಳಕಂತೆ! ಮೈಯೆಲ್ಲ ಉರಿದುಹೋಯಿತು. ಮದುವೆಯ ದಿನದವರೆಗೂ ಅವನ ಜೊತೆ ಮಾತು ಬಿಟ್ಟೆ.

ಆದರೆ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವನೇ ತಾನೆ! ಕರೆ ಬಂತು. ಮಾಮ ಮಿಕ್ಸರ್ ಬಿಟ್ಟೆದ್ದ. ಬಂದು ನನ್ನ ಕೈ ಹಿಡಿದ. ನಾನು ಮುಖ ತಿರುಗಿಸಿಕೊಂಡೇ ಹೆಜ್ಜೆ ಹಾಕಿದೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಾಲಿನಲ್ಲಿ ಗುಜುಗುಜು ಎದ್ದಿತು. ತಲೆ ಎತ್ತಿ ನೋಡಿದೆ.

ಟೀವಿಯಲ್ಲಿ ನಾನು ನಡೆದು ಬರುತ್ತಿದ್ದೆ. ನನ್ನ ಮೇಲೆಯೇ, ನನ್ನೊಳಗೇ ಎಂಬಂತೆ, ಅವ್ವನ ದೊಡ್ಡ ಮುಖ. ಹಿಡಿಕೆ ನಡುವೆ ನಿಂತಿತ್ತು. ಅಂದು ಎರಡನೇ ಕ್ಯಾಮೆರಾ ಊಟದ ಹಾಲಿಗೆ ಹೋಗಿರಲಿಲ್ಲ.

"ಏನ್ರೀ ಇದು, ಹುಡುಗಿ ಮೇಲೆ ಇನ್ಯಾರೋ ಕಾಣಿಸ್ತಿದ್ದಾರೆ! ಸರಿ ಮಾಡ್ರೀ!" ಎಂದು ಹುಡುಗನ ಚಿಕ್ಕಪ್ಪ ಕೂಗಿದರು.

"ಹಿಡಿಕಿ ಸಿಕ್ಕೊಂಡೈತ್ರಿ ಸಾಹೇಬ್ರ. ಹಳೇ ಯಂತ್ರ! ಮುಹೂರ್ತ ಮೀರತೈತಿ, ಮೊದ್ಲು ತಾಳಿ ಕಟ್ಟಸ್ರಿ" ಎಂದ ಮಾಮ. ನನ್ನ ಕೈ ಬಿಡಲಿಲ್ಲ, ಹೆಜ್ಜೆಯನ್ನೂ ಅವಸರ ಮಾಡಲಿಲ್ಲ.

ತಾಳಿ ಕಟ್ಟುವ ಹೊತ್ತಿಗೆ ಕಂಬದ ಪಕ್ಕದಲ್ಲಿ ಕೂತಿದ್ದ ಅವ್ವ ಅಕ್ಷತೆ ಹಾಕಲು ಕೈ ಎತ್ತಿದಳು. ಟೀವಿಯಲ್ಲಿ ಆ ಕೈ ನೇರ ಬಂದು ನನ್ನ ತಲೆಯ ಮೇಲೆ ನಿಂತಿತು. ಅದನ್ನು ಅವ್ವನೂ ನೋಡಿದಳು. ಕೈ ಇಳಿಸಲೇ ಇಲ್ಲ.

ಅಕ್ಷತೆ ಮುಗಿದ ಮೇಲೆ ಮಾಮ ಹೋಗಿ ಕೂತು ಆ ಸಿಕ್ಕಿಕೊಂಡ ಹಿಡಿಕೆಯನ್ನು ಎಡಗೈಯಿಂದ ಸಲೀಸಾಗಿ ಎಳೆದ. ಆಮೇಲೆ ಹೃದಯದ ಗುಂಡಿ ಒತ್ತಿದ.

ಅವ್ವ ಈಗಿಲ್ಲ. ಮೊನ್ನೆ ಅಬಿಡ್ಸ್‌ನ ಅಂಗಡಿಯೊಂದಕ್ಕೆ ಆ ಕ್ಯಾಸೆಟ್ ಒಯ್ದು ಕಂಪ್ಯೂಟರಿಗೆ ಹಾಕಿಸಿದೆ. ಅಂಗಡಿಯಾಕೆ ಪಾಪ ಬಹಳ ಒದ್ದಾಡಿದಳು. ಎರಡು ಚಿತ್ರ ಕಲೆತುಹೋಗಿವೆ, ಏನು ಮಾಡಿದರೂ ಬೇರೆ ಮಾಡಲಾಗುವುದಿಲ್ಲ ಎಂದು ತೆಲುಗಿನಲ್ಲಿ ಕ್ಷಮೆ ಕೇಳಿದಳು. ಅಲ್ಲಿಂದಲೇ ಮಾಮನಿಗೆ ಫೋನ್ ಮಾಡಿ ಹೇಳಿದೆ.

ಆ ಕಡೆ ಚಹಾದ ಕಪ್ಪು ಕೆಳಗಿಟ್ಟ ಸದ್ದು ಕೇಳಿಸಿತು.

"ನಾ ಅವತ್ತೇ ಹೇಳಿದ್ನಿಲ್ಲೇನು ಯವ್ವಾ," ಎಂದ ಮಾಮ. "ಇದಕ್ಕ ಹಿಂದಕ್ಕ ಹೋಗೂ ಬಟನ್ ಇಲ್ಲ."