ಹದಿನೆಂಟು ಅಡಿ ಬಾಯಿಗೆ ಒಂದು ತಲೆ

ಸಂಖ್ಯೆ: ಗ್ಯಾ.ಬಾ./ತಲೆ (ತಿದ್ದಿ ಓದಿ: ತೊಲೆ)/18/ಭಾಗ-4
ದಿನಾಂಕ: ತೊಲೆ ಬಂದ ನಂತರ ಹಾಕತಕ್ಕದ್ದು

ಸುತ್ತೋಲೆ

ವಿಷಯ: ಇಲಾಖಾ ಗ್ಯಾರೇಜಿನ ಹದಿನೆಂಟು ಅಡಿ ಅಗಲದ ಬಾಯಿಗೆ ಉಕ್ಕಿನ ತೊಲೆ ಆಯ್ಕೆ ಮಾಡುವ ಬಗ್ಗೆ, ಹಾಗೂ ಅಲ್ಲಿಯವರೆಗೆ ಮೇಲ್ಕೋಣೆಯ ಸಿಬ್ಬಂದಿ ಉಸಿರಾಡಬೇಕಾದ ಕ್ರಮದ ಬಗ್ಗೆ.

ಉಲ್ಲೇಖ: (1) ಕಿರಿಯ ಎಂಜಿನಿಯರ್ ಅವರ ಮೊದಲನೇ ಟಿಪ್ಪಣಿ.
(2) ಅವರದೇ ಹನ್ನೊಂದನೇ ಟಿಪ್ಪಣಿ, ಕೆಂಪು ಶಾಯಿಯಲ್ಲಿ.
(3) ರವಾನೆ ಗುಮಾಸ್ತರ ಮನವಿ.

ಪೀಠಿಕೆ: ಬೀದಿದೀಪ ರಿಪೇರಿಗೆಂದು ಇಲಾಖೆಗೆ ಹೊಸ ಏಣಿಗಾಡಿ ಬಂದಿದ್ದು ಸರಿಯಷ್ಟೆ. ಗ್ಯಾರೇಜಿಗೆ ಎರಡು ಸಣ್ಣ ಬಾಗಿಲು, ನಡುವೆ ಒಂದು ಇಟ್ಟಿಗೆ ಕಂಬ. ಗಾಡಿ ಎರಡರಲ್ಲೂ ತೂರಲಿಲ್ಲ. ಆದ್ದರಿಂದ ತೊಲೆ ಯಾವುದೆಂದು ತೀರ್ಮಾನವಾಗುವ ಮುನ್ನವೇ, ಉತ್ಸಾಹದ ಭರದಲ್ಲಿ, ಕಂಬವನ್ನು ಒಡೆಯಲಾಯಿತು. ಈಗ ಮೇಲಂತಸ್ತು ನಾಲ್ಕು ಮರದ ಆಸರೆಗಳ ಮೇಲೆ ನಿಂತಿದೆ. ಆಸರೆಗಳು ಬಾಗಿಲಿಗೆ ಅಡ್ಡವಾಗಿರುವುದರಿಂದ ಗಾಡಿ ಇನ್ನೂ ಅಂಗಳದಲ್ಲೇ ಬಿಸಿಲು ಕಾಯುತ್ತಿದೆ. ಒಡೆದ ಕಂಬದ ನೇರ ಮೇಲೆ, ಮೊದಲ ಮಹಡಿಯಲ್ಲಿ, ರವಾನೆ ಗುಮಾಸ್ತರ ಮೇಜಿದೆ. ಇಪ್ಪತ್ತಾರು ವರ್ಷ ಸೇವೆ ಸಲ್ಲಿಸಿರುವ ಸದರಿಯವರೇ ಈ ಸುತ್ತೋಲೆಯ ಕರಡನ್ನೂ ಬರೆದಿದ್ದು, ಅಕ್ಷರ ಅಲ್ಲಲ್ಲಿ ಓರೆಯಾಗಿದ್ದರೆ ಅದನ್ನು ನೆಲದ ದೋಷವೆಂದು ಪರಿಗಣಿಸತಕ್ಕದ್ದು.

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ:

1. ಉಲ್ಲೇಖ (1)ರಲ್ಲಿ ಕಿರಿಯ ಎಂಜಿನಿಯರ್ ಅವರು “ಗ್ಯಾರೇಜಿನ ಬಾಯಿಗೆ ಉಕ್ಕಿನ ತೊಲೆ ಒಂದು” ಬೇಕೆಂದು ಕೋರಿದ್ದರು. ಬೆರಳಚ್ಚಿನಲ್ಲಿ ಒತ್ವವೊಂದು ಬಿದ್ದುಹೋಗಿ ಅದು “ಉಕ್ಕಿನ ತಲೆ ಒಂದು” ಎಂದಾಯಿತು. ಕಡತ ಐದು ಮೇಜು ದಾಟಿದರೂ ಯಾರೂ ಆಕ್ಷೇಪಿಸಲಿಲ್ಲ. ಬಾಯಿ ಇದ್ದ ಕಡೆ ತಲೆ ಇರುವುದು ಲೋಕಾರೂಢಿಯೆಂದು ಐದೂ ಮೇಜಿನವರು ಷರಾ ಬರೆದಿದ್ದಾರೆ. ಅದರಂತೆ ಸಂದರ್ಶನ ನಡೆಸಿ, ಗಟ್ಟಿ ಮನಸ್ಸಿನವರೊಬ್ಬರನ್ನು ಗ್ಯಾರೇಜಿನ ತಲೆಯಾಗಿ, ಅಂದರೆ ಮುಖ್ಯಸ್ಥರನ್ನಾಗಿ, ನೇಮಿಸಲಾಗಿದೆ. ತಾವು ಯಾವ ಭಾರವನ್ನೂ ಹೊರುವುದಿಲ್ಲವೆಂದು ಅವರು ಮೊದಲ ದಿನವೇ ಸ್ಪಷ್ಟಪಡಿಸಿರುತ್ತಾರೆ.

2. ಈ ಲೋಪವನ್ನು ಸರಿಪಡಿಸುವ ಸಲುವಾಗಿ, ಇಲಾಖೆಯ ಕಾಗದಪತ್ರಗಳಲ್ಲಿ “ತಲೆ” ಎಂದಿರುವೆಡೆಯಲ್ಲೆಲ್ಲ “ತೊಲೆ” ಎಂದೇ ಬರೆಯುವಂತೆ ಈ ಮೂಲಕ ಆದೇಶಿಸಲಾಗಿದೆ. ತೊಲೆನೋವಿನ ರಜೆ ಕೋರಿ ಬಂದಿರುವ ಅರ್ಜಿಗಳನ್ನು ಎಂಜಿನಿಯರಿಂಗ್ ಶಾಖೆಗೆ ಕಳುಹಿಸತಕ್ಕದ್ದು. ಸಿಬ್ಬಂದಿ ಇದಕ್ಕೆಲ್ಲ ತೊಲೆ ಕೆಡಿಸಿಕೊಳ್ಳತಕ್ಕದ್ದಲ್ಲ.

3. ಬಾಯಿ ಹದಿನೆಂಟು ಅಡಿ ಇರುವುದರಿಂದ ತೊಲೆಯೂ ಹದಿನೆಂಟೇ ಅಡಿ ಸಾಕೆಂದು ಒಂಬತ್ತು ಸದಸ್ಯರ ತೊಲೆ ಆಯ್ಕೆ ಸಮಿತಿಯು ತೀರ್ಮಾನಿಸಿದೆ. ತೊಲೆಯ ತುದಿಗಳು ಎರಡೂ ಕಡೆ ಗೋಡೆಯ ಮೇಲೆ ಮುಕ್ಕಾಲು ಅಡಿಯಾದರೂ ಕೂರಬೇಕು, ಇಲ್ಲವಾದರೆ ಅದು ಗಾಳಿಯಲ್ಲಿ ನಿಲ್ಲಬೇಕಾಗುತ್ತದೆ ಎಂದು ಕಿರಿಯ ಎಂಜಿನಿಯರ್ ಅವರು ಹನ್ನೊಂದು ಸಲ ಬರೆದದ್ದು ಯಾರ ತೊಲೆಗೂ ಹತ್ತಿಲ್ಲ. ಹದಿನೈದು ವರ್ಷದಿಂದ ನಿಂತೇ ಕೆಲಸ ಮಾಡುತ್ತಿರುವ ನೌಕರರು ಇದೇ ಕಚೇರಿಯಲ್ಲಿರುವಾಗ, ಇನ್ನೂ ಸೇವೆಗೇ ಸೇರದ ತೊಲೆಗೆ ಎರಡೆರಡು ಕಡೆ ಕೂರಲು ಜಾಗ ಕೊಡುವುದು ಕೆಟ್ಟ ಮೇಲ್ಪಂಕ್ತಿಯಾಗುತ್ತದೆ ಎಂಬುದು ಸಮಿತಿಯ ಅಭಿಪ್ರಾಯ.

4. ಗೋಡೆಯಿಂದ ಗೋಡೆಗೆ ಹಾಯುವ ತೊಲೆಯನ್ನು ಇಂಗ್ಲಿಷಿನ ಐ ಅಕ್ಷರದಂತೆ ನಿಲ್ಲಿಸಬೇಕೋ ಮಗ್ಗುಲಿಗೆ ಮಲಗಿಸಬೇಕೋ ಎಂಬ ಪ್ರಶ್ನೆಯೂ ಬಂದಿತ್ತು. ಒಂದಡಿ ಎತ್ತರದ ಐ ಆಕಾರದ ತೊಲೆಯನ್ನು ನಿಲ್ಲಿಸಿ ಇಟ್ಟರೂ ಅದರಡಿ ಏಣಿಗಾಡಿ ಹಾಯಲು ಗೇಣು ಜಾಗ ಮಿಗುತ್ತದೆಂದು ಎಂಜಿನಿಯರ್ ಅವರ ಲೆಕ್ಕ. ಆದರೆ ಮಲಗಿಸಿದರೆ ನೋಡಲು ಅಚ್ಚುಕಟ್ಟು ಎಂದು ಸಮಿತಿಯ ಹಿರಿಯ ಸದಸ್ಯರು ಸೂಚಿಸಿದ್ದಾರೆ. ಈ ಬಗ್ಗೆ ವೆಲ್ಡಿಂಗ್ ಮೇಸ್ತ್ರಿಯನ್ನು ಕರೆಸಿ ಪಡೆದ ಹೇಳಿಕೆ ಯಥಾವತ್ತಾಗಿ ಹೀಗಿದೆ: “ಸಾರ್, ನಿಲ್ಲಿಸಿದ್ರೆ ನಿಲ್ಲುತ್ತೆ. ಮಲಗಿಸಿದ್ರೆ ಅದೂ ಮಲಗುತ್ತೆ, ಮೇಲಿರೋರೂ ಮಲಗ್ತಾರೆ.” ಕಚೇರಿ ವೇಳೆಯಲ್ಲಿ ಮೇಲಿರುವವರು ಮಲಗುವುದು ನಿಯಮಬಾಹಿರವಾದ್ದರಿಂದ ಸದರಿ ಹೇಳಿಕೆಯನ್ನು ಶಿಸ್ತು ವಿಭಾಗಕ್ಕೆ ವರ್ಗಾಯಿಸಲಾಗಿದೆ.

5. ಮೇಲ್ಕೋಣೆಯ ನೆಲ ಮೊದಲ ವಾರ ಒಂದು ಬೆರಳು, ಈಗ ಎರಡು ಬೆರಳು ಕುಸಿದಿರುವುದು ಎಂಜಿನಿಯರ್ ಅವರು ಗೋಡೆಯಿಂದ ಗೋಡೆಗೆ ಕಟ್ಟಿದ ದಾರದಿಂದ ತಿಳಿದುಬಂದಿದೆ. “ಕುಸಿತ” ಎಂಬ ಪದ ಸಾರ್ವಜನಿಕರಲ್ಲಿ ಗಾಬರಿ ಹುಟ್ಟಿಸುವುದರಿಂದ ಇನ್ನು ಮುಂದೆ ಅದನ್ನು “ನೆಲದ ವಿನಯ” ಎಂದು ಕರೆಯತಕ್ಕದ್ದು. ಈ ವಿನಯದ ದೆಸೆಯಿಂದ ಕೋಣೆಯಲ್ಲಿ ಯಾರ ಕೈಯಿಂದ ಪೆನ್ಸಿಲು ಜಾರಿದರೂ ಅದು ಉರುಳಿಕೊಂಡು ರವಾನೆ ಗುಮಾಸ್ತರ ಕಾಲ ಬಳಿಯೇ ಬಂದು ನಿಲ್ಲುತ್ತಿದೆ. ಸದರಿಯವರ ಹೊಸ ಪೆನ್ಸಿಲಿನ ಬೇಡಿಕೆಯನ್ನು ಆದಕಾರಣ ತಿರಸ್ಕರಿಸಲಾಗಿದೆ.

6. ತೊಲೆ ಆಯ್ಕೆಯಾಗುವವರೆಗೆ ಮೇಲ್ಕೋಣೆಯವರು:
(ಅ) ದಪ್ಪ ಕಡತಗಳನ್ನು ಗೋಡೆಯ ಬದಿಯಲ್ಲೂ ತೆಳು ಕಡತಗಳನ್ನು ನಡುವಿನಲ್ಲೂ ಇಡತಕ್ಕದ್ದು. ದಪ್ಪ ನೌಕರರಿಗೂ ಇದೇ ನಿಯಮ.
(ಆ) ಒಬ್ಬರಾದ ಮೇಲೆ ಒಬ್ಬರು ಸೀನತಕ್ಕದ್ದು. ಸಾಮೂಹಿಕ ಸೀನಿಗೆ ಪೂರ್ವಾನುಮತಿ ಅಗತ್ಯ.
(ಇ) ಬಡ್ತಿಯ ಸುದ್ದಿ ಬಂದಲ್ಲಿ ಕೆಳಗಿಳಿದು ಬಂದು ಕುಣಿಯತಕ್ಕದ್ದು.
(ಈ) ಮೇಜಿನ ಸ್ಥಳ ಬದಲಿಸತಕ್ಕದ್ದಲ್ಲ. ಪೀಠೋಪಕರಣ ವಹಿಯಲ್ಲಿ ರವಾನೆ ಗುಮಾಸ್ತರ ಮೇಜಿನ ಸ್ಥಾನವನ್ನು “ಕಂಬದ ನೇರ ಮೇಲೆ” ಎಂದು ನಮೂದಿಸಲಾಗಿದೆ. ಕಂಬವೇ ಇಲ್ಲದಿರುವುದರಿಂದ ಮೇಜು ಈಗ ಎಲ್ಲಿಯೂ ಇಲ್ಲ. ಎಲ್ಲಿಯೂ ಇಲ್ಲದ ಮೇಜನ್ನು ಸ್ಥಳಾಂತರಿಸಲು ನಿಯಮದಲ್ಲಿ ಅವಕಾಶವಿಲ್ಲ.

7. ತಮಗೆ ಹೆದರಿಕೆಯಾಗುತ್ತಿದೆ ಎಂದು ರವಾನೆ ಗುಮಾಸ್ತರು ಉಲ್ಲೇಖ (3)ರಲ್ಲಿ ಒಂದೇ ಸಾಲಿನಲ್ಲಿ ತಿಳಿಸಿದ್ದಾರೆ. ಹೆದರಿಕೆಗೆ ನಿಗದಿತ ನಮೂನೆ ಇಲ್ಲದ ಕಾರಣ ಮನವಿಯನ್ನು ಹಿಂತಿರುಗಿಸಲಾಗಿದೆ. ಸದರಿಯವರ ಪತ್ನಿಯು ಪ್ರತಿದಿನ ಮಧ್ಯಾಹ್ನ ಎದುರಿನ ಪಾದಚಾರಿ ಹಾದಿಯಲ್ಲಿ ನಿಂತು, ಮೇಲಿನ ಕಿಟಕಿಯಲ್ಲಿ ಗಂಡನ ಕೈ ಕಂಡ ಮೇಲಷ್ಟೇ ಮನೆಗೆ ಮರಳುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಬೆಳಿಗ್ಗೆ ಬುತ್ತಿ ಕೊಡುವಾಗ ಆಕೆ “ರೀ, ಕುರ್ಚಿ ಎಳ್ಕೊಂಡು ಗೋಡೆ ಪಕ್ಕ ಕೂತ್ಕೊಳ್ಳಿ” ಎಂದು ಹೇಳಿರುವುದು ಮೇಲಿನ 6(ಈ)ಗೆ ವಿರುದ್ಧವಾಗಿದೆ. ಮಾನವೀಯ ನೆಲೆಯಲ್ಲಿ, ದಿನಕ್ಕೆ ಒಂದು ಸಲ, ಒಂದೇ ಕೈ, ಕಿಟಕಿಯಾಚೆ ಬಾಗದೆ ಬೀಸಲು ಅನುಮತಿ ನೀಡಲಾಗಿದೆ.

8. ಸಮಿತಿಯ ಸಭೆಗಳು ಇದುವರೆಗೆ ಎದುರು ಕಟ್ಟಡದ ನೆಲಮಹಡಿಯಲ್ಲಿ ನಡೆಯುತ್ತಿದ್ದು, ಹದಿನಾಲ್ಕು ಸಭೆಗಳಾದರೂ ಆಯ್ಕೆ ಪೂರ್ಣಗೊಂಡಿಲ್ಲ. ಸದಸ್ಯರಿಗೆ ಸ್ಥಳದ ಪ್ರತ್ಯಕ್ಷ ಪರಿಚಯವಾಗಲೆಂಬ ಸದುದ್ದೇಶದಿಂದ, ಇನ್ನು ಮುಂದೆ ಎಲ್ಲ ಸಭೆಗಳನ್ನೂ ಮೇಲ್ಕೋಣೆಯಲ್ಲೇ ನಡೆಸತಕ್ಕದ್ದು. ಒಂಬತ್ತೂ ಸದಸ್ಯರು ರವಾನೆ ಗುಮಾಸ್ತರ ಮೇಜಿನ ಸುತ್ತ, ಕುರ್ಚಿಗೆ ಕುರ್ಚಿ ತಾಗಿಸಿ ಕೂರತಕ್ಕದ್ದು. ಕಿರಿಯ ಎಂಜಿನಿಯರ್ ಅವರು ದಾರದ ಪಕ್ಕದಲ್ಲಿ ನಿಂತು, ಇಳಿತವನ್ನು ಗಟ್ಟಿಯಾಗಿ ಓದಿ ಹೇಳುತ್ತಿರತಕ್ಕದ್ದು. ಆ ಹೊತ್ತಿನಲ್ಲಿ ರವಾನೆ ಗುಮಾಸ್ತರು ಅಂಚೆ ಕೊಡಲು ಹೊರಗೆ ಹೋಗಿರತಕ್ಕದ್ದು. ತೊಲೆ ಆಯ್ಕೆಯಾಗುವವರೆಗೆ ಯಾವ ಸದಸ್ಯರೂ ಮೆಟ್ಟಿಲಿಳಿಯತಕ್ಕದ್ದಲ್ಲ.

ಮೇಲಿನ ಸೂಚನೆಗಳನ್ನು ಚಾಚೂತಪ್ಪದೆ ಪಾಲಿಸತಕ್ಕದ್ದು.

(ಸಹಿ)
ಮುಖ್ಯಾಧಿಕಾರಿಗಳು ಹಾಗೂ ಅಧ್ಯಕ್ಷರು, ತೊಲೆ ಆಯ್ಕೆ ಸಮಿತಿ

*ಕಚೇರಿ ಷರಾ: ಖಂಡ 8 ಹಾಳೆಯ ಹಿಂಬದಿಯಲ್ಲಿದೆ. ಎಂದಿನಂತೆ ಸಹಿಯು ಮುಂಬದಿಯನ್ನೂ ಓದದೆ ಆಗಿರುತ್ತದೆ.*

ಪ್ರತಿಗಳು:
1. ಸಮಿತಿಯ ಒಂಬತ್ತು ಸದಸ್ಯರಿಗೆ, ಕುರ್ಚಿ ಸಂಖ್ಯೆಯೊಂದಿಗೆ.
2. ಗ್ಯಾರೇಜಿನ ತಲೆಯವರಿಗೆ. ಇವರ ಹುದ್ದೆಗೆ ಖಂಡ 2 ಅನ್ವಯಿಸುವುದಿಲ್ಲ.
3. ಶಿಸ್ತು ವಿಭಾಗಕ್ಕೆ. ವೆಲ್ಡಿಂಗ್ ಮೇಸ್ತ್ರಿಯ ಹೇಳಿಕೆಯ ಅರ್ಥ ತಿಳಿದಲ್ಲಿ ಮರಳಿಸುವುದು.
4. ಕಿರಿಯ ಎಂಜಿನಿಯರ್ ಅವರಿಗೆ. ಹನ್ನೆರಡನೇ ಟಿಪ್ಪಣಿ ಬರೆಯುವ ಅಗತ್ಯವಿಲ್ಲ.
5. ಉಕ್ಕಿನ ಅಂಗಡಿಯವರಿಗೆ (ಸಭೆಯ ನಂತರ ಸೇರಿಸಿದ್ದು): ಇಪ್ಪತ್ತು ಅಡಿ ಉದ್ದ, ಒಂದಡಿ ಎತ್ತರ, ನಿಲ್ಲಿಸಿ ಇಡುವಂಥದ್ದು. ಹದಿನೈದನೇ ಸಭೆಯು ನಾಲ್ಕು ನಿಮಿಷ ನಡೆದಿದ್ದು, ಆಯ್ಕೆ ಅವಿರೋಧವಾಗಿ ಆಗಿದೆ. ಇಂದೇ ಕಳುಹಿಸುವುದು. ಅಧ್ಯಕ್ಷರು ತಮ್ಮ ಬೂಟುಗಳನ್ನು ಮೇಲೆಯೇ ಬಿಟ್ಟು ಇಳಿದಿದ್ದು, ತೊಲೆ ಕೂರುವವರೆಗೆ ಅವನ್ನು ತರಲು ಯಾರೂ ಒಪ್ಪುತ್ತಿಲ್ಲ.