ಶ್ರಾವಣಕ್ಕೆ ಬಂದ ಕೈಮುಗಿಯುವ ಹುಳ

ಗೋರೆಗಾಂವ್ ಸ್ಟೇಷನ್ ಹತ್ತಿರದ ಹೋಟೆಲಿನ ಗಲ್ಲಾದಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತರಾದ ಚೆನ್ನಯಣ್ಣನಿಗೆ, ಮನೆಯಲ್ಲಿ ಕೂತ ಮೂರನೇ ತಿಂಗಳಲ್ಲಿ ಒಂದು ಪರಮಸತ್ಯ ಹೊಳೆಯಿತು. ತಾನು ಮಾತಾಡಿದರೆ ಇಲ್ಲಿ ಯಾರೂ ತಲೆ ತಿರುಗಿಸಿ ನೋಡುವುದಿಲ್ಲ! ಹೋಟೆಲಿನಲ್ಲಿ ಒಮ್ಮೆ ಕೆಮ್ಮಿದರೆ ನಾಲ್ವರು ಸಪ್ಲಾಯರುಗಳು ಓಡಿ ಬರುತ್ತಿದ್ದರು. ಇಲ್ಲಿ ಕೆಮ್ಮಿದರೆ ಹೆಂಡತಿ ವಾರಿಜಾ ಟೀವಿಯ ಧ್ವನಿ ಏರಿಸುತ್ತಾಳೆ. ಮಗಳು ಶ್ರಾವ್ಯಾಳ ಎರಡೂ ಕಿವಿಗಳಿಗೆ ಸದಾ ಬಿಳಿ ಬಿರಡೆ.

"ಒಂದು ನಾಯಿ ಸಾಕುವನಾ?" ಎಂದರು.

"ಮನೆಯೆಲ್ಲ ಕೂದಲು," ಎಂದಳು ವಾರಿಜಾ.

"ಬೆಕ್ಕು?"

"ಅದಕ್ಕೆ ಮೀನು ಬೇಕು. ಶ್ರಾವಣ ಮುಗಿಯುವವರೆಗೆ ಮೀನು ಮಾಂಸ ತಿನ್ನುವ ಒಂದು ಜೀವವೂ ಈ ಮನೆಯೊಳಗೆ ಬೇಡ. ನಿಮ್ಮನ್ನು ಇಟ್ಟುಕೊಂಡದ್ದೇ ಕಷ್ಟದಲ್ಲಿ."

(ಊರಲ್ಲಿದ್ದಾಗ ವಾರಿಜಾಳಿಗೆ ಈ ಮಡಿ ಇರಲಿಲ್ಲ. ಬಿಲ್ಡಿಂಗಿನ ಮರಾಠಿ ಹೆಂಗಸರಿಂದ ಕಲಿತಳು. ಕಲಿತ ಮೇಲೆ ಗುರುಗಳನ್ನೇ ಮೀರಿಸಿದಳು.)

ಹೀಗೆ ಒಂಟಿಯಾಗಿದ್ದ ಚೆನ್ನಯಣ್ಣ ಒಂದು ಬೆಳಿಗ್ಗೆ ಅಮೋಲನ ನರ್ಸರಿಗೆ ಗುಲಾಬಿ ಗಿಡ ತರಲು ಹೋದರು. ಗಿಡದ ಮೇಲೆ ಎಲೆ ಹಸಿರಿನ, ಬೆರಳುದ್ದದ ಒಂದು ಹುಳ ಮುಂಗಾಲುಗಳನ್ನು ಎದೆಗೊತ್ತಿ ಕೈಮುಗಿದು ನಿಂತಿತ್ತು.

"ಏನು ಮಾರಾಯಾ?" ಎಂದರು ಸುಮ್ಮನೆ.

ಹುಳ ತನ್ನ ಮೂರು ಮೂಲೆಯ ಪುಟ್ಟ ತಲೆಯನ್ನು ಮೆಲ್ಲಗೆ ತಿರುಗಿಸಿ ಅವರನ್ನೇ ನೋಡಿತು. ಚೆನ್ನಯಣ್ಣ ಅಮೋಲನನ್ನು ಕೂಗಿ ಕರೆದರು.

"ಯೇ ಭೀ ದೇ ದೋ," ಎಂದು ಗಿಡದ ಜೊತೆ ಹುಳವನ್ನೂ ಕೇಳಿದರು.

ಅಮೋಲ್ ಹುಟ್ಟಿದಂದಿನಿಂದ ಹುಳ ಮಾರಿದವನಲ್ಲ. ಆದರೆ ಗಿರಾಕಿಗೆ ಇಲ್ಲ ಎಂದವನೂ ಅಲ್ಲ. "ಗುಲಾಬ್ ಕಾ ಅಲಗ್, ಇಸ್ಕಾ ಅಲಗ್ ಲಗೇಗಾ, ಕಾಕಾ," ಎಂದು ಎರಡಕ್ಕೂ ಬೇರೆ ಬೇರೆ ರೇಟು ಹೇಳಿದ.

"ಖಾತಾ ಕ್ಯಾ ಹೈ?" ಎಂದು ಅದರ ಊಟ ವಿಚಾರಿಸಿದರು.

"ಹಾಥ್ ಜೋಡ್ ಕೆ ಖಡಾ ಹೈ, ದೇಖೋ ನಾ. ಏಕ್‌ದಮ್ ಶಾಕಾಹಾರಿ!"

ಚೆನ್ನಯಣ್ಣನಿಗೆ ಅವನ ಸಸ್ಯಾಹಾರದ ಸರ್ಟಿಫಿಕೇಟು ಬೇಕಾಗಿರಲಿಲ್ಲ. ಬಾಗಿಲಲ್ಲಿ ಗಿರಾಕಿಯ ಮುಖ ಕಂಡರೆ ಸಾಕು, ಆರ್ಡರ್ ಏನೆಂದು ಹೇಳಬಲ್ಲವರು ಅವರು. ಈ ಮುಖಕ್ಕೆ ಇಡ್ಲಿ, ಅದೂ ಚಟ್ನಿ ಬೇರೆಯಾಗಿ ಎಂದು ತೀರ್ಮಾನಿಸಿದರು.

"ಎಂಥ, ಮಿಡತೆಯಾ?" ಎಂದಳು ವಾರಿಜಾ, ಗಾಜಿನ ಜಾಡಿಯೊಳಗೆ ಇಣುಕಿ.

"ಮಿಡತೆ ಕೈಮುಗಿಯುತ್ತದಾ ಮಾರಾಯ್ತಿ? ಇದು ಭಕ್ತ."

ಭಕ್ತನಿಗೆ ಅಡುಗೆಮನೆಯ ಕಿಟಕಿಯಲ್ಲಿ ಜಾಗ ಸಿಕ್ಕಿತು. ಮೊದಲ ದಿನ ಇಡ್ಲಿ, ಎರಡನೇ ದಿನ ಬಾಳೆಹಣ್ಣು, ಮೂರನೇ ದಿನ ಪ್ರಸಾದದ ಸಜ್ಜಿಗೆ. ಯಾವುದನ್ನೂ ಅದು ಮುಟ್ಟಲಿಲ್ಲ.

"ಉಪವಾಸ ಇರಬೇಕು," ಎಂದಳು ವಾರಿಜಾ ಭಕ್ತಿಯಿಂದ. "ನೋಡಿಯಾದರೂ ಕಲಿಯಿರಿ."

ಚೆನ್ನಯಣ್ಣನಿಗೆ ದಿಗಿಲು. ಕರೆದರೆ ತಲೆ ತಿರುಗಿಸುವ ಏಕೈಕ ಜೀವ ಈಗ ಎರಡು ಸಲ ಕರೆದರೂ ತಿರುಗಿಸುತ್ತಿರಲಿಲ್ಲ. ಶ್ರಾವ್ಯಾಳ ಬಿರಡೆ ಕಿತ್ತು ಜಾಡಿ ತೋರಿಸಿದರು. ಅವಳು ಫೋಟೋ ಹೊಡೆದು ಫೋನಿಗೆ ಕೇಳಿದಳು. ಫೋನು ಗುರುತು ಹಿಡಿಯಿತು.

"ಪಪ್ಪಾ, ಯೇ ತೋ ಮ್ಯಾಂಟಿಸ್! ಪಕ್ಕಾ ನಾನ್‌ವೆಜ್. ಜೀವ ಇದ್ದದ್ದೇ ತಿನ್ನೋದು ಇದು."

"ಮೆಲ್ಲ ಮಾತಾಡು! ಅಮ್ಮನಿಗೆ ಕೇಳಿದರೆ ಜಾಡಿ ಸಮೇತ ಹೊರಗೆ."

"ಕಾಕ್ರೋಚ್ ಚಲೇಗಾ, ನೊಣ ಭೀ ಚಲೇಗಾ. ಇಲ್ಲಾಂದ್ರೆ ಸಾಯ್ತದೆ, ಪಪ್ಪಾ."

ವಾರಿಜಾಳ ಅಡುಗೆಮನೆಯಲ್ಲಿ ಜಿರಳೆ ಹುಡುಕುವುದೂ ಒಂದೇ, ಮರಳುಗಾಡಿನಲ್ಲಿ ಬಂಗುಡೆ ಹುಡುಕುವುದೂ ಒಂದೇ. ಚೆನ್ನಯಣ್ಣ ಟಾರ್ಚು ಹಿಡಿದು ಸಿಂಕಿನಡಿ ಮಲಗಿದರು. ಫ್ರಿಜ್ಜಿನ ಹಿಂದೆ ತಲೆ ಸಿಕ್ಕಿಸಿಕೊಂಡರು. ಒಂದು ಮೀಸೆಯೂ ಕಾಣಲಿಲ್ಲ. ಕೊನೆಗೆ ಎದುರುಮನೆಯ ದಾನೇಶ್ವರಿಯ ಬೆಲ್ ಒತ್ತಿದರು. ಹೋಟೆಲಿನಲ್ಲಿ ಆ ಪ್ರಾಣಿಯ ಹೆಸರನ್ನು ಬಾಯಿಬಿಟ್ಟು ಹೇಳುವಂತೆಯೇ ಇರಲಿಲ್ಲ. ಕಂಡರೆ "ಟೇಬಲ್ ಹದಿಮೂರು ನೋಡಿ" ಎನ್ನುವುದು ರೂಢಿ. ಆ ಶಿಸ್ತಿನ ನಾಲಿಗೆ ತಡವರಿಸಿತು.

"ತಂಗೀ... ನಿಮ್ಮಲ್ಲಿ ಒಂದೆರಡು ಜಿರಳೆ ಉಂಟಾ? ಜೀವ ಇದ್ದದ್ದು."

ದಾನೇಶ್ವರಿ ಲಟ್ಟಣಿಗೆ ಹಿಡಿದೇ ಬಂದಿದ್ದಳು. "ಏನಂತ ತಿಳಕೊಂಡೀರಿ ನಮ್ಮನ್ನ, ಅಣ್ಣಾರ? ದಿನಾ ಎರಡ ಸಲ ಒರಸ್ತೀನಿ ನಾ!"

ಚೆನ್ನಯಣ್ಣ ಮೆಟ್ಟಿಲಿಳಿದು ಎರಡು ಸುತ್ತು ತಿರುಗಿ ಬರುವಷ್ಟರಲ್ಲಿ ಅವಳು ವಾರಿಜಾಳ ಎದುರು ಕೂತಿದ್ದಳು.

"ಮುಂಜಾನೆದ್ದು ಸಕ್ಕರಿ ಕೇಳ್ತಾರ, ಹಾಲ ಕೇಳ್ತಾರ. ನಿಮ್ಮನಿಯವ್ರು ಜಿರಳಿ ಕೇಳ್ಯಾರ್ರೀ ಅಕ್ಕಾ! ನನಗ ಎಷ್ಟ ಅವಮಾನ ಆಗಿರಬಾರದು?"

ಅವಳನ್ನು ಚಹಾ ಕೊಟ್ಟು ಕಳಿಸಿದ ಮೇಲೆ ವಾರಿಜಾ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಚೆನ್ನಯಣ್ಣ ಎಲ್ಲವನ್ನೂ ಒಪ್ಪಿಕೊಂಡರು. ಅದು ಭಕ್ತನಲ್ಲ, ಬೇಟೆಗಾರ. ಕೈಮುಗಿದದ್ದಲ್ಲ, ಹೊಂಚು ಹಾಕಿದ್ದು. ಜಾಡಿಯನ್ನು ಎದೆಗವಚಿಕೊಂಡು, "ಹೊರಗೆ ಹಾಕುವುದಾದರೆ ಗುಲಾಬಿ ಗಿಡದ ಮೇಲಾದರೂ ಬಿಡು," ಎಂದು ಬೇಡಿಕೊಂಡರು.

ವಾರಿಜಾ ಕೇಳಿದ್ದು ಒಂದೇ ಮಾತು.

"ಮೂರು ದಿನದಿಂದ ಇದು ಹಸಿದುಕೊಂಡು ಉಂಟಾ?"

"ಹೌದು."

"ನನ್ನ ಮನೆಯಲ್ಲಿ? ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಮನೆಗೆ ಬಂದವರು ಯಾರು ಹಸಿದು ಮಲಗಿದ್ದಾರೆ? ಹೇಳುವುದಕ್ಕೆ ನಿಮಗೆ ಬಾಯಿ ಇರಲಿಲ್ಲವಾ?"

(ಬಾಯಿ ಇತ್ತು. ಕೇಳುವವರು ಇರಲಿಲ್ಲ. ಆದರೆ ಇದನ್ನು ಹೇಳುವಷ್ಟು ದಡ್ಡರೂ ಅವರಲ್ಲ.)

ಅವಳು ಉಪ್ಪಿನಕಾಯಿಯ ಖಾಲಿ ಬಾಟಲಿ ತೊಳೆದು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಮುಕ್ಕಾಲು ಗಂಟೆಯಲ್ಲಿ ಮರಳಿದಾಗ ಬಾಗಿಲು ತೆರೆದ ಚೆನ್ನಯಣ್ಣನ ಮೂಗಿಗೆ ಒಂದು ಪುರಾತನ, ಪವಿತ್ರ ಪರಿಮಳ ಅಡರಿತು. ಅವರು ಕಣ್ಣು ಮುಚ್ಚಿದರು. ಬಂಗುಡೆ!

"ವಾರಿಜಾ, ಮೀನು ತಂದೆಯಾ?"

"ಮೀನಿನ ಮೇಲೆ ಕೂತ ನೊಣ ತಂದೆ. ಮೀನು ಮಾರುವ ಇಂದ್ರಾಬಾಯಿಯ ಬುಟ್ಟಿಯದ್ದು. ಒಂಬತ್ತು ಉಂಟು, ಎಲ್ಲ ತಾಜಾ."

ಜಾಡಿಗೆ ನೊಣ ಬಿಟ್ಟಳು. ಕಣ್ಣು ಮಿಟುಕಿಸುವುದರೊಳಗೆ ಹುಳದ ಮುಗಿದ ಕೈ ಚಾಚಿ ಮಡಚಿತು. ಒಂದಾದ ಮೇಲೊಂದು ಮೂರು ತಿಂದು, ಅದು ಕೈಗಳನ್ನು ನಾಜೂಕಾಗಿ ನೆಕ್ಕಿಕೊಂಡಿತು.

"ಸಾಕಾಯಿತಾ ಮಗಾ?" ವಾರಿಜಾ ಬಾಗಿ ಕೇಳಿದಳು.

ಹುಳ ತಲೆ ತಿರುಗಿಸಿ ಅವಳನ್ನೇ ನೋಡಿತು. "ಏ, ಇಲ್ಲಿ," ಎಂದರು ಚೆನ್ನಯಣ್ಣ. ಅದು ಅಲುಗಲಿಲ್ಲ.

ಊಟಕ್ಕೆ ಕೂತಾಗ ಅವರ ತಟ್ಟೆಗೆ ತೊಂಡೆಕಾಯಿ ಪಲ್ಯ ಬಿತ್ತು.

"ಶ್ರಾವಣ ಅದಕ್ಕಿಲ್ಲವಾ?" ಎಂದರು ಕ್ಷೀಣವಾಗಿ.

"ಅದಕ್ಕೆ ಪಾಪ ಪುಣ್ಯ ಗೊತ್ತಿಲ್ಲ, ನಿಮಗೆ ಗೊತ್ತುಂಟು. ನಾಳೆಯಿಂದ ಬಾಟಲಿ ಹಿಡಿದುಕೊಂಡು ನೀವೇ ಹೋಗಿ. ಇಂದ್ರಾಬಾಯಿ ಹತ್ತಿರ ಹೇಳಿ ಬಂದಿದ್ದೇನೆ. ನೊಣ ಎಷ್ಟು ಬೇಕಾದರೂ ಹಿಡಿಯಲಿ, ಮೀನಿಗೆ ಕೈ ಹಾಕಿದರೆ ನನಗೆ ಫೋನ್ ಮಾಡು ಅಂತ."